ಪಾಳು ಬಿದ್ದ ಕೈತೋಟಕ್ಕೆ ಮರಳಿ ಕೈ ಹಚ್ಚಿದ್ದು

ಅಮ್ಮನ ಆರೈಕೆಯಲ್ಲಿ ಕಳೆದ ವರ್ಷಗಳಲ್ಲಿ ಮನೆಯ ಹಿಂದಿನ ತರಕಾರಿ ತೋಟ ತನ್ನ ಪಾಡಿಗೆ ತಾನಿತ್ತು. ಅತ್ತ ಹೋಗಲು ಬಿಡುವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಮ್ಮ ಹೋದ ಮೇಲೂ ಬಹಳ ಕಾಲ ಹಾಗೆಯೇ ಉಳಿಯಿತು. ಈ ವರ್ಷ ಮತ್ತೆ ಶುರು ಮಾಡಿದ್ದೇನೆ.

ಮೊದಲ ಸಲ ತೋಟ ಮಾಡುವವರಿಗೆ ಸಲಹೆ ಬೇಕಾದಷ್ಟು ಸಿಗುತ್ತದೆ. ಬಿಟ್ಟುಹೋದ ತೋಟಕ್ಕೆ ಮರಳುವವರಿಗೆ ಮಾತ್ರ ಹೇಳುವವರು ಕಡಿಮೆ. ‘ನಿಮಗೆ ಗೊತ್ತಿರುವ ಕೆಲಸವೇ ಅಲ್ಲವೇ, ಅಗೆದು ಗೊಬ್ಬರ ಹಾಕಿ ಬಿತ್ತಿ’ ಎನ್ನುತ್ತಾರೆ. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ನಾವು ಬಿಟ್ಟ ದಿನ ಇದ್ದ ನೆಲವೇ ಬೇರೆ, ಮರಳಿದ ದಿನ ಸಿಗುವ ನೆಲವೇ ಬೇರೆ. ನಡುವಿನ ವರ್ಷಗಳಲ್ಲಿ ಅಲ್ಲಿ ಬೀಜಗಳು ಉದುರಿವೆ, ಗಡ್ಡೆಗಳು ಇಳಿದಿವೆ, ಮರಗಳು ನೆರಳು ಚಾಚಿವೆ, ಮಣ್ಣು ಗಟ್ಟಿಯಾಗಿದೆ ಅಥವಾ ಯಾರೂ ತುಳಿಯದೆ ಹಗುರವಾಗಿದೆ. ಇವನ್ನೆಲ್ಲ ತಿಳಿದುಕೊಳ್ಳದೆ ಬೀಜ ಬಿತ್ತಿದರೆ ಮೊದಲ ಬೆಳೆಯಲ್ಲೇ ಉತ್ಸಾಹ ಕುಂದುತ್ತದೆ. ಆದ್ದರಿಂದ ಶುರುವಿನ ವಾರಗಳಲ್ಲಿ ನಾನು ಏನನ್ನೂ ನೆಡಲಿಲ್ಲ, ನೆಲವನ್ನು ನೋಡಿದೆ ಅಷ್ಟೇ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗವೂ ಅದೇ.

ಮೊದಲು ನೋಡಿದ್ದು ಬಿಸಿಲನ್ನು. ಪಕ್ಕದ ಮನೆಯ ಮರ ಈ ವರ್ಷಗಳಲ್ಲಿ ಎತ್ತರವಾಗಿದೆ, ಅದರ ಕೊಂಬೆಗಳು ನಮ್ಮ ಗೋಡೆ ದಾಟಿವೆ. ಹಿಂದೆ ಟೊಮೆಟೊ ತುಂಬಿ ನಿಲ್ಲುತ್ತಿದ್ದ ಜಾಗದ ಮೇಲೆ ಈಗ ಮಧ್ಯಾಹ್ನದ ನಂತರ ನೆರಳು ಬೀಳುತ್ತದೆ. ಅಂದಾಜಿಗೆ ಬಿಡದೆ, ಮೋಡವಿಲ್ಲದ ಒಂದು ದಿನ ಅಲ್ಲಲ್ಲಿ ಗೂಟ ನೆಟ್ಟು, ಗಂಟೆಗೊಮ್ಮೆ ಹೋಗಿ ಯಾವ ಗೂಟ ಬಿಸಿಲಲ್ಲಿದೆ, ಯಾವುದು ನೆರಳಲ್ಲಿದೆ ಎಂದು ಬರೆದುಕೊಂಡೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಸೌತೆಯಂಥ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು, 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಸೊಪ್ಪುಗಳು 3ರಿಂದ 4 ಗಂಟೆಯಲ್ಲೂ ಬದುಕಿಕೊಳ್ಳುತ್ತವೆ. ನನ್ನ ಹಳೆಯ ಟೊಮೆಟೊ ಪಾತಿಗೆ 4 ಗಂಟೆಗಿಂತ ಸ್ವಲ್ಪ ಹೆಚ್ಚು ಬಿಸಿಲು ಸಿಗುತ್ತಿದೆ. ಅದು ಇನ್ನು ಸೊಪ್ಪಿನ ಪಾತಿ. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಆ ಪಾತಿಯ ಮೇಲೆ ನನಗೆ ಒಂದು ಬಗೆಯ ಮಮತೆಯಿತ್ತು. ಆದರೆ ಸೂರ್ಯನ ದಾರಿ ನನ್ನ ಮಮತೆಯನ್ನು ಕೇಳಿ ನಡೆಯುವುದಿಲ್ಲ. ಇನ್ನೊಂದು ಮಾತು, ಈ ಲೆಕ್ಕ ಒಂದು ಋತುವಿನದು ಮಾತ್ರ. ಸೂರ್ಯ ತಗ್ಗಿ ಚಲಿಸುವ ತಿಂಗಳುಗಳಲ್ಲಿ ಅದೇ ಮರದ ನೆರಳು ಇನ್ನೂ ದೂರಕ್ಕೆ ಹೋಗುತ್ತದೆ.

ಆಮೇಲೆ ಕಳೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮರಳಿ ಬಂದವರನ್ನು ಸೋಲಿಸುವುದು ಬಹುಪಾಲು ಇದೇ.

ಕಳೆಯ ಬೀಜ ಮಣ್ಣಿನಲ್ಲಿ ಎಷ್ಟು ವರ್ಷ ಜೀವ ಹಿಡಿದುಕೊಂಡಿರಬಲ್ಲದು ಎನ್ನುವುದಕ್ಕೆ ಅಮೆರಿಕದ ಮಿಷಿಗನ್‌ನಲ್ಲಿ ಒಂದು ಪ್ರಯೋಗ ಇಂದಿಗೂ ನಡೆಯುತ್ತಿದೆ. ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಬೀಜ ಮತ್ತು ಮರಳು ತುಂಬಿದ 20 ಸೀಸೆಗಳನ್ನು ನೆಲದಲ್ಲಿ ಹೂತಿಟ್ಟರು. ವರ್ಷಗಳ ಅಂತರದಲ್ಲಿ ಒಂದೊಂದನ್ನೇ ತೆಗೆದು ಬಿತ್ತಿ ನೋಡಬೇಕೆಂಬುದು ಅವರ ಯೋಜನೆ. 2021ರಲ್ಲಿ ಒಂದು ಸೀಸೆಯನ್ನು ಹೊರತೆಗೆದಾಗ ವರ್ಬ್ಯಾಸ್ಕಮ್ ಎಂಬ ಕಳೆಯ ಬೀಜಗಳು ಆಗಲೂ ಮೊಳೆತವು. ಮುಂದಿನದನ್ನು ತೆಗೆಯುವುದು 2040ರಲ್ಲಿ. ಒಂದು ಶತಮಾನ ದಾಟಿದ ಬೀಜಕ್ಕೆ ಜೀವವಿದೆ ಎಂದಾದರೆ, ನಾನು ಅತ್ತ ಸುಳಿಯದ ವರ್ಷಗಳಲ್ಲಿ ಉದುರಿದ ಬೀಜಗಳ ಗತಿ ಹೇಳಬೇಕಾಗಿಲ್ಲ. ಒಂದು ದಂಟಿನ ಗಿಡ ಬಲಿತು ತೆನೆ ಬಿಟ್ಟರೆ ಸಾವಿರಗಟ್ಟಲೆ ಬೀಜ ಚೆಲ್ಲುತ್ತದೆ. ನನ್ನ ತೋಟದಲ್ಲಿ ಮುಳ್ಳುದಂಟೇ ಆಳೆತ್ತರ ನಿಂತಿತ್ತು.

ಇಂಥ ನೆಲವನ್ನು ಆಳವಾಗಿ ಅಗೆಯುವುದು ಎಂದರೆ ಕೆಳಗೆ ಮಲಗಿದ್ದ ಬೀಜಗಳನ್ನು ಬೆಳಕಿಗೆ ಕರೆತಂದು ಕೂರಿಸುವುದು. ಸಣ್ಣ ಬೀಜದ ಕಳೆಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣಿನಲ್ಲಿದ್ದಾಗ ಮಾತ್ರ ಮೊಳೆಯುತ್ತವೆ. ಎಷ್ಟೋ ಜಾತಿಗಳಿಗೆ ಬೆಳಕಿನ ಒಂದು ಸುಳಿವು ಬೇಕು. ಹಾಗಾಗಿ ನಾನು ಗುದ್ದಲಿ ಎತ್ತಲಿಲ್ಲ. ಬಲಿತ ಗಿಡಗಳನ್ನು ಬುಡಕ್ಕೆ ಕತ್ತರಿಸಿ ತೆನೆಗಳನ್ನು ಚೀಲಕ್ಕೆ ತುಂಬಿದೆ. ಮೇಲ್ಮಣ್ಣನ್ನು ಕೈಕುಂಟೆಯಿಂದ ತೆಳುವಾಗಿ ಸಡಿಲಿಸಿ, ಸಮ ಮಾಡಿ, ಬೀಜ ಬಿತ್ತಿದ ಪಾತಿಗೆ ನೀರು ಕೊಡುವ ಹಾಗೆಯೇ ಶ್ರದ್ಧೆಯಿಂದ ನೀರು ಕೊಟ್ಟೆ. ಬಿತ್ತಿದ್ದು ಏನೂ ಇಲ್ಲ! ಎರಡು ವಾರಗಳಲ್ಲಿ ಪಾತಿ ಹಸಿರಾಯಿತು. ಆ ಎಳೆಯ ಕಳೆಗಳಿಗೆ ಎರಡೆಲೆ ಬಂದ ಹೊತ್ತಿಗೆ, ಒಣ ಬಿಸಿಲಿನ ಬೆಳಿಗ್ಗೆ ನೋಡಿಕೊಂಡು, ಮಣ್ಣನ್ನು ಮಗುಚದೆ ಮೇಲಿಂದಲೇ ಕೆರೆದು ಹಾಕಿದೆ. ಮಧ್ಯಾಹ್ನಕ್ಕೆ ಎಲ್ಲ ಬಾಡಿದ್ದವು. ಇದನ್ನು ಇನ್ನೊಮ್ಮೆ ಮಾಡಿದೆ. ಎರಡನೆಯ ಸುತ್ತಿನಲ್ಲಿ ಎದ್ದ ಕಳೆ ಮೊದಲಿನದರ ಕಾಲು ಭಾಗವೂ ಇರಲಿಲ್ಲ. ಕೃಷಿಕರು ಹೊಲದಲ್ಲಿ ಮಾಡುವ ಈ ಉಪಾಯ ಮನೆಯ ಪಾತಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ತಿಂಗಳೊಂದು ಹೋಗುತ್ತದೆ ನಿಜ. ಆ ತಿಂಗಳು ಮುಂದಿನ ಎಷ್ಟೋ ಸಂಜೆಗಳನ್ನು ಉಳಿಸಿಕೊಡುತ್ತದೆ.

ಈ ಉಪಾಯ ನಡೆಯದ ಒಂದು ಕಳೆಯಿದೆ. ಜೇಕು. ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಇದನ್ನು ಮೊದಲ ಸಾಲಿನಲ್ಲೇ ಇಟ್ಟಿರುವುದಕ್ಕೆ ಕಾರಣ ಅದರ ಹುಲ್ಲಿನಲ್ಲಿಲ್ಲ, ಮಣ್ಣಿನೊಳಗಿನ ಗಡ್ಡೆಗಳಲ್ಲಿದೆ. ತೆಳ್ಳಗಿನ ಬೇರುಕಾಂಡದ ದಾರದಲ್ಲಿ ಮಣಿ ಪೋಣಿಸಿದಂತೆ ಒಂದಕ್ಕೊಂದು ಜೋಡಿಕೊಂಡಿರುವ ಕಪ್ಪು ಗಡ್ಡೆಗಳು. ಮೇಲೆ ಚಿಗುರಿದ ಗಡ್ಡೆ ಇರುವವರೆಗೆ ಸರಪಳಿಯ ಉಳಿದ ಗಡ್ಡೆಗಳು ನಿದ್ದೆಯಲ್ಲಿರುತ್ತವೆ. ಹುಲ್ಲನ್ನು ಹಿಡಿದು ಸೆಳೆದಾಗ ದಾರ ಹರಿಯುತ್ತದೆ, ಕೆಳಗಿನವು ಒಂದೊಂದೂ ಎಚ್ಚರಗೊಳ್ಳುತ್ತವೆ. ಒಂದು ಗಿಡ ಕಿತ್ತರೆ ನಾಲ್ಕು ಬಂದವು ಎಂದು ಜನ ಹೇಳುವುದು ಬರಿಯ ಗೊಣಗಾಟವಲ್ಲ. ನೇಗಿಲು, ಯಂತ್ರ, ಗುದ್ದಲಿ ಯಾವುದರಿಂದ ಮಗುಚಿದರೂ ಸರಪಳಿ ತುಂಡಾಗಿ ಜೇಕು ಹರಡುತ್ತದೆ. ಇದರ ಚೂಪು ಮೊನೆ ರಟ್ಟನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ತೂರಿಕೊಂಡು ಮೇಲೆ ಬರುತ್ತದೆ.

ನನ್ನ ತೋಟದ ಒಂದು ಮೂಲೆಯಲ್ಲಿ ಜೇಕು ಬೇರೂರಿದೆ. ಅಲ್ಲಿ ಮಾಡುತ್ತಿರುವುದು ಇಷ್ಟು: ಮಣ್ಣು ತೇವವಿದ್ದಾಗ ಕವಲುಗೋಲಿನಿಂದ (ಉದ್ದ ಹಲ್ಲುಗಳಿರುವ ಅಗೆಯುವ ಸಾಧನ) ಒಂದು ಅಡಿ ಮಣ್ಣನ್ನು ಇಡಿಯಾಗಿ ಎತ್ತಿ, ಕೈಯಿಂದ ಬಿಡಿಸಿ, ಗಡ್ಡೆಗಳನ್ನು ದಾರಸಮೇತ ಆರಿಸುತ್ತೇನೆ. ಹೆಚ್ಚಿನ ಗಡ್ಡೆಗಳು ಮೇಲಿನ 15 ಸೆಂಟಿಮೀಟರಿನಲ್ಲೇ ಇರುತ್ತವೆ, ಆದ್ದರಿಂದ ಸಣ್ಣ ಜಾಗದಲ್ಲಿ ಇದು ಅಸಾಧ್ಯವೇನಲ್ಲ. ಆರಿಸಿದವನ್ನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ, ಕಲ್ಲಿನ ಮೇಲೆ ಸುಡುಬಿಸಿಲಿನಲ್ಲಿ ಸುಕ್ಕಾಗುವವರೆಗೆ ಒಣಗಿಸುತ್ತೇನೆ. ತಪ್ಪಿಸಿಕೊಂಡವು ಚಿಗುರಿದ ಕೂಡಲೇ, ಅಂದರೆ ಹೊಸ ಗಡ್ಡೆ ಕಟ್ಟುವ ಮೊದಲೇ, ಮತ್ತೆ ಅಗೆದು ತೆಗೆಯುತ್ತೇನೆ. ಸೊಂಟ ನೋಯುವ ಕೆಲಸ ಇದು. ಆದರೂ ಮಣ್ಣಿನೊಳಗೆ ಬೆರಳು ಆಡಿಸುತ್ತ, ಕಣ್ಣಿಗಿಂತ ಮೊದಲು ಬೆರಳೇ ಗಡ್ಡೆಯನ್ನು ಗುರುತಿಸುವ ಆ ಹೊತ್ತು ನನಗೆ ಬಹಳ ಇಷ್ಟ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ಗೋಡೆಯ ದುರಸ್ತಿ ನಡೆದಾಗ ಒಂದು ಪಾತಿಯ ಮೇಲೆ ಸಿಮೆಂಟು ಗಾರೆಯ ತುಂಡುಗಳು ಬಿದ್ದಿದ್ದವು, ಜನ ಓಡಾಡಿ ನೆಲ ಗಟ್ಟಿಯಾಗಿತ್ತು. ಗಾರೆ, ಸುಣ್ಣ ಬೆರೆತ ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ (pH), ಏರುತ್ತದೆ. ತರಕಾರಿಗಳಿಗೆ ಹಿತವಾದ ರಸಸಾರ 6ರಿಂದ 7ರ ಆಸುಪಾಸು. ಅದು ಬಹಳ ಏರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಗಿಡ ಇದನ್ನು ತೋರಿಸುವ ರೀತಿ ಸ್ಪಷ್ಟ. ಎಳೆಯ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕ ಕಡಿಮೆಯಾದರೆ ಇದಕ್ಕೆ ತದ್ವಿರುದ್ಧ, ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ, ಯಾಕೆಂದರೆ ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಹಿಂತೆಗೆದು ಹೊಸ ಚಿಗುರಿಗೆ ಕೊಡಬಲ್ಲದು, ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಹಳದಿ ಎಲೆ ಕಂಡ ಕೂಡಲೇ ಗೊಬ್ಬರ ಸುರಿಯುವ ಆತುರ ತಪ್ಪುತ್ತದೆ. ಗಾರೆಯ ತುಂಡುಗಳನ್ನು ಜರಡಿ ಹಿಡಿದು ತೆಗೆದೆ. ಉಳಿದ ಪುಡಿಗೆ ಮಾಡುವುದೇನೂ ಇಲ್ಲ. ಆ ಪಾತಿಗೆ ಕೊಳೆತ ಗೊಬ್ಬರ ಹೆಚ್ಚು ಹಾಕಿ ಕಾಯುತ್ತಿದ್ದೇನೆ.

ನೀವೂ ಮಾಡಿ ನೋಡಬಹುದಾದ ಎರಡು ಪರೀಕ್ಷೆಗಳಿವೆ, ಎರಡಕ್ಕೂ ಉಪಕರಣ ಬೇಡ. ಗಾಜಿನ ಸೀಸೆಯ ಮೂರರಲ್ಲಿ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಜೋರಾಗಿ ಕುಲುಕಿ ಇಡುವುದು ಮೊದಲನೆಯದು. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ, ಮರಳಿಗಿಂತ ನಯವಾದ ಗೋಡು ಒಂದೆರಡು ಗಂಟೆಯಲ್ಲಿ, ಜೇಡಿ ತಂಗಲು ಒಂದು ದಿನವಾದರೂ ಬೇಕು. ಪದರಗಳನ್ನು ಅಳೆದರೆ ನಿಮ್ಮ ಮಣ್ಣು ಯಾವ ಜಾತಿಯದೆಂದು ಕಣ್ಣೆದುರೇ ಕಾಣುತ್ತದೆ. ಎರಡನೆಯದು, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ನೋಡುವುದು. 2ರಿಂದ 7 ಸೆಂಟಿಮೀಟರ್ ಇಳಿದರೆ ಚಿಂತೆಯಿಲ್ಲ. ನನ್ನ ತುಳಿದ ಪಾತಿಯಲ್ಲಿ ನೀರು ಬೆಳಗಿನವರೆಗೂ ನಿಂತಿತ್ತು. ತುಳಿಯದೆ ಉಳಿದ, ಕಳೆ ಬೆಳೆದ ಪಾತಿಯಲ್ಲಿ ಚೆನ್ನಾಗಿಯೇ ಇಂಗಿತು. ಕಳೆಯ ಬೇರುಗಳು ನನ್ನ ಪರವಾಗಿ ಅಲ್ಲಿ ಕೆಲಸ ಮಾಡಿದ್ದವು. ಆ ಪಾತಿಯ ಹಿಡಿ ಮಣ್ಣಿನಲ್ಲಿ ಎರೆಹುಳುಗಳೂ ಸಿಕ್ಕವು.

ಎರೆಹುಳು ಎಂದಾಗಲೆಲ್ಲ ಚಾರ್ಲ್ಸ್ ಡಾರ್ವಿನ್ ನೆನಪಾಗುತ್ತಾರೆ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಕುಂಡಗಳಲ್ಲಿ ಎರೆಹುಳು ಸಾಕಿ, ಕಾಗದವನ್ನು ತ್ರಿಕೋನಾಕಾರದಲ್ಲಿ ಕತ್ತರಿಸಿ ಕೊಟ್ಟು, ಹುಳುಗಳು ಯಾವ ತುದಿಯಿಂದ ಅದನ್ನು ಬಿಲಕ್ಕೆ ಎಳೆದುಕೊಳ್ಳುತ್ತವೆ ಎಂದು ನೋಡುತ್ತಿದ್ದರು. ಚೂಪು ತುದಿಯಿಂದಲೇ ಎಳೆದುಕೊಂಡದ್ದು ಹೆಚ್ಚು. ಆ ಅಧ್ಯಯನ 1881ರಲ್ಲಿ ಪ್ರಕಟವಾಯಿತು, ಮರುವರ್ಷ ಅವರು ತೀರಿಕೊಂಡರು. ಜೀವಸಂಕುಲದ ಬಗ್ಗೆ ಅಷ್ಟು ದೊಡ್ಡ ಮಾತು ಹೇಳಿದ ಮನುಷ್ಯ ಕೊನೆಗೆ ಮಣ್ಣಿನ ಹುಳುವಿನ ಮುಂದೆ ಅಷ್ಟು ಸಹನೆಯಿಂದ ಕುಳಿತರು ಎನ್ನುವುದು ನನಗೆ ಯಾವಾಗಲೂ ಧೈರ್ಯ ಕೊಡುವ ಸಂಗತಿ. ಹುಳುಗಳಿರುವ ಪಾತಿಯನ್ನು ನಾನು ಮಗುಚಲಿಲ್ಲ. ಎರಡು ಬೆರಳು ದಪ್ಪಕ್ಕೆ ಕೊಳೆತ ಗೊಬ್ಬರ ಹರಡಿ, ಮೇಲೆ ಒಣಎಲೆಯ ಹೊದಿಕೆ ಹಾಕಿ ಬಿಟ್ಟೆ. ಕೆಳಗಿಳಿಸುವ ಕೆಲಸ ಅವುಗಳದು. ತುಳಿದ ಪಾತಿಯನ್ನು ಮಾತ್ರ, ಮಣ್ಣು ಹಸಿಯೂ ಅಲ್ಲದ ಕಲ್ಲಾಗಿಯೂ ಇಲ್ಲದ ಹದದಲ್ಲಿ, ಕವಲುಗೋಲು ಚುಚ್ಚಿ ಅಲುಗಿಸಿ ಸಡಿಲ ಮಾಡಿದೆ. ಜೇಡಿ ಹೆಚ್ಚಿರುವ ಮಣ್ಣನ್ನು ಹಸಿಯಾಗಿದ್ದಾಗ ಮುಟ್ಟಬಾರದು. ಆಗ ಕಟ್ಟಿದ ಹೆಂಟೆ ಇಡೀ ಋತು ಕಾಡುತ್ತದೆ.

ಗೊಬ್ಬರದ ಗುಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗಾಲ 30 ಪಾಲಿಗೆ ಸಾರಜನಕ 1 ಪಾಲು ಎಂಬ ಅಳತೆಯ ಹತ್ತಿರ ಇದ್ದರೆ ಕೊಳೆಯುವಿಕೆ ಚುರುಕಾಗಿರುತ್ತದೆ. ಲೆಕ್ಕ ಬೇಡವೆನ್ನುವವರು ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣಎಲೆ ಹಾಕಿ, ವಾಸನೆ ಬಂದರೆ ಒಣಗಿದ್ದನ್ನು ಹೆಚ್ಚಿಸಿದರೆ ಸಾಕು. ಮನೆಯ ಸಣ್ಣ ರಾಶಿ ಸಾಮಾನ್ಯವಾಗಿ 55 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದಿಲ್ಲ, ಹಾಗಾಗಿ ಅದರೊಳಗೆ ಕಳೆಯ ಬೀಜ ಸಾಯುತ್ತದೆಂದು ನಂಬಬೇಡಿ. ಬಲಿತ ತೆನೆಗಳನ್ನು ಚೀಲಕ್ಕೆ ತುಂಬಿದ್ದು ಇದಕ್ಕೇ.

ಮರಳಿ ಬಂದವರು ತಪ್ಪದೆ ಮಾಡಬೇಕಾದ, ಆದರೆ ಬಹುತೇಕ ಯಾರೂ ಮಾಡದ ಕೆಲಸವೊಂದಿದೆ. ತಾನಾಗಿ ಬೆಳೆದು ನಿಂತ ಗಿಡಗಳ ಬೇರನ್ನು ನೋಡುವುದು. ಹಳೆಯ ಟೊಮೆಟೊ ಹಣ್ಣಿನ ಬೀಜದಿಂದ ಎದ್ದ ಒಂದು ಸಸಿ, ಒಂದೆರಡು ದಂಟಿನ ಗಿಡ, ಇವನ್ನು ಎಳೆಯದೆ, ಸುತ್ತ ಅಗೆದು, ಮಣ್ಣುಸಮೇತ ಎತ್ತಿ ನೀರಿನಲ್ಲಿ ತೊಳೆದೆ. ಒಂದು ಪಾತಿಯ ಬೇರುಗಳು ಬಿಳಿಯಾಗಿ ನುಣುಪಾಗಿದ್ದವು. ಇನ್ನೊಂದರ ಬೇರುಗಳ ತುಂಬ ಗಂಟು. ಬೇರುಗಂಟು ಜಂತುಹುಳು. ಇದು ಕಣ್ಣಿಗೆ ಕಾಣದ ಜೀವಿ, ಎಳೆಯ ಹುಳು ಅರ್ಧ ಮಿಲಿಮೀಟರಿನಷ್ಟೂ ಉದ್ದವಿರುವುದಿಲ್ಲ. ಬೇರಿನೊಳಗೆ ಹೊಕ್ಕು ಅಲ್ಲೇ ಕುಳಿತು ಉಣ್ಣುತ್ತದೆ, ಹೆಣ್ಣು ನೂರಾರು ಮೊಟ್ಟೆಯಿಡುತ್ತದೆ, ಬೆಚ್ಚನೆಯ ಮಣ್ಣಿನಲ್ಲಿ ಒಂದು ತಲೆಮಾರು ಒಂದು ತಿಂಗಳೊಳಗೆ ಮುಗಿಯುತ್ತದೆ. ಮೇಲೆ ಕಾಣುವುದು ಮಂಕಾದ ಗಿಡ, ನೀರಿದ್ದರೂ ಮಧ್ಯಾಹ್ನ ಬಾಡುವ ಎಲೆ. ಜನ ಗೊಬ್ಬರ ಹಾಕುತ್ತಲೇ ಹೋಗುತ್ತಾರೆ. ಪಾತಿ ಖಾಲಿ ಬಿದ್ದಿದ್ದರಿಂದ ಹುಳು ಸತ್ತಿರಬೇಕೆಂದು ಅಂದುಕೊಳ್ಳುವುದು ಸಹಜ. ಖಾಲಿ ಎಲ್ಲಿತ್ತು? ಕಳೆಗಳೇ ಅದಕ್ಕೆ ಅನ್ನ ಹಾಕಿವೆ.

ಬೀನ್ಸ್, ಅಲಸಂದೆಯಂಥ ದ್ವಿದಳ ಗಿಡಗಳ ಬೇರಿನಲ್ಲಿ ಕಾಣುವ ಗಂಟುಗಳನ್ನು ಇದರೊಂದಿಗೆ ಬೆರೆಸಬೇಡಿ. ಅವು ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳ ಮನೆ. ಬೆರಳಿನಿಂದ ಉಜ್ಜಿದರೆ ಅವು ಬೇರಿನಿಂದ ಕಳಚಿಕೊಳ್ಳುತ್ತವೆ, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಒಂದು ಪ್ರೋಟೀನಿನ ಬಣ್ಣ ಅದು. ಜಂತುಹುಳುವಿನ ಗಂಟು ಹಾಗಲ್ಲ, ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬರುವುದಿಲ್ಲ. ಆ ನಸುಗೆಂಪು ನೋಡಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಒಂದು ಗಿಡದ ಬೇರಿನಲ್ಲಿ!

ಗಂಟು ಕಂಡ ಪಾತಿಗೆ ಎರಡು ದಾರಿಗಳಿದ್ದವು. ದಟ್ಟವಾಗಿ ಚೆಂಡುಹೂವಿನ ಗಿಡ ಬೆಳೆಸುವುದು ಒಂದು. ಅದರ ಬೇರಿನಲ್ಲಿರುವ ಆಲ್ಫಾ-ಟರ್ಥೈನಿಲ್ ಎಂಬ ವಸ್ತು ಈ ಹುಳುಗಳಿಗೆ ವಿಷ. ಆದರೆ ಟೊಮೆಟೊ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಚೆಂಡುಹೂ ನೆಟ್ಟರೆ ಪ್ರಯೋಜನ ಅತ್ಯಲ್ಪ. ಇಡೀ ಪಾತಿಯನ್ನು ಎರಡು ಮೂರು ತಿಂಗಳು ಅದಕ್ಕೇ ಬಿಟ್ಟುಕೊಟ್ಟರೆ ಮಾತ್ರ ಫಲ, ಅದೂ ಕಳೆಯಿಲ್ಲದಂತೆ ನೋಡಿಕೊಂಡರೆ. ಇನ್ನೊಂದು ದಾರಿ ಬಿಸಿಲಿನಲ್ಲಿ ಮಣ್ಣು ಕಾಯಿಸುವುದು. ಇಸ್ರೇಲಿನ ಯಾಕೊವ್ ಕಾಟಾನ್ ಮತ್ತು ಸಂಗಡಿಗರು 1976ರಲ್ಲಿ ವರದಿ ಮಾಡಿದ ವಿಧಾನ ಇದು. ಮಣ್ಣನ್ನು ಚೆನ್ನಾಗಿ ನೆನೆಸಿ, ಪಾರದರ್ಶಕವಾದ ತೆಳು ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಅತಿ ಬಿಸಿಯಾದ ತಿಂಗಳುಗಳಲ್ಲಿ 4ರಿಂದ 6 ವಾರ ಬಿಡಬೇಕು. ಕಪ್ಪು ಹಾಳೆ ಇದಕ್ಕೆ ಆಗದು, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ನಾನು ಹಾಳೆಯನ್ನು ಆರಿಸಿಕೊಂಡೆ, ಬಿಸಿಲು ಅದಕ್ಕೆ ತಕ್ಕಂತಿತ್ತು. ಆಳದಲ್ಲಿರುವ ಹುಳುಗಳು ಉಳಿಯುತ್ತವೆ ಎಂದು ಗೊತ್ತು. ಆದ್ದರಿಂದ ಹಾಳೆ ತೆಗೆದ ಮೇಲೆ ಅಲ್ಲಿ ಚೆಂಡುಹೂವನ್ನೇ ಬಿತ್ತಿದ್ದೇನೆ.

ಇನ್ನು ಹಳೆಯ ಬೀಜದ ಡಬ್ಬಿ. ಪೊಟ್ಟಣಗಳ ಮೇಲೆ ಅಮ್ಮನ ಕೈಬರಹ. ಹೆಸರು ಮತ್ತು ವರ್ಷ, ಅಷ್ಟೇ. ಅಮ್ಮನಿಗೆ ಬೀಜ ಒಣಗಿಸುವುದರಲ್ಲಿ ಬಹಳ ಕಟ್ಟುನಿಟ್ಟು, ಅದಕ್ಕೆ ಆಧಾರವೂ ಇದೆ. ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ನಿಯಮದಂತೆ, ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಜಾತಿಯಿಂದ ಜಾತಿಗೆ ಆಯುಸ್ಸು ಬೇರೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬಿಕೆಗೆ ಅರ್ಹವಲ್ಲ. ಬೆಂಡೆ, ಮೆಣಸಿನಕಾಯಿ ಎರಡು ವರ್ಷ, ಬೀನ್ಸ್ ಮೂರು, ಟೊಮೆಟೊ, ಬದನೆ ನಾಲ್ಕು, ಸೌತೆ ಐದು ಎಂಬುದು ಸಾಧಾರಣ ಲೆಕ್ಕ.

ಲೆಕ್ಕ ನೋಡಿ ಎಸೆಯಬೇಡಿ, ಪರೀಕ್ಷಿಸಿ. ಒದ್ದೆ ಕಾಗದದ ಮೇಲೆ 10 ಬೀಜ ಇಟ್ಟು, ಸುತ್ತಿ, ಮುಚ್ಚಿದ ಡಬ್ಬಿಯಲ್ಲಿ ಬೆಚ್ಚಗೆ ಇಟ್ಟು ವಾರದಲ್ಲಿ ಎಷ್ಟು ಮೊಳೆತವು ಎಂದು ನೋಡುವುದು. ಐದು ಮೊಳೆತರೆ ಎರಡು ಪಟ್ಟು ಬಿತ್ತುವುದು. ನನ್ನ ಡಬ್ಬಿಯ ಬೆಂಡೆ ಒಂದೂ ಏಳಲಿಲ್ಲ. ಟೊಮೆಟೊ ಅರ್ಧದಷ್ಟು ಎದ್ದಿತು. ಅಮ್ಮ ಎಷ್ಟೋ ವರ್ಷಗಳಿಂದ ಉಳಿಸಿಕೊಂಡು ಬಂದಿದ್ದ ಬಳ್ಳಿ ಬೀನ್ಸ್ ಮೂರು ಬೀಜ ಮೊಳೆಯಿತು. ಆ ಮೂರನ್ನು ಕಾಗದದ ಸಮೇತ ಕತ್ತರಿಸಿ, ಬೇರಿಗೆ ನೋವಾಗದಂತೆ ಕುಂಡಕ್ಕೆ ಇಳಿಸಿದೆ. ಬೀನ್ಸ್ ಹೂವು ಬಿರಿಯುವ ಮೊದಲೇ ತನ್ನೊಳಗೆ ಪರಾಗಸ್ಪರ್ಶ ಮುಗಿಸಿಕೊಂಡಿರುತ್ತದೆ, ಆದ್ದರಿಂದ ಮೂರೇ ಗಿಡದಿಂದಲೂ ತಳಿ ಕೆಡದೆ ಬೀಜ ಸಿಗುತ್ತದೆ. ಕುಂಬಳವಾಗಿದ್ದರೆ ಹೀಗೆ ಹೇಳುವಂತಿರಲಿಲ್ಲ. ಜೇನು ಎಲ್ಲಿಯ ಪರಾಗವನ್ನೋ ತಂದು ಬೆರೆಸುತ್ತಿತ್ತು. ಈ ಮೂರು ಬಳ್ಳಿಗಳ ಒಂದು ಕಾಯಿಯನ್ನೂ ಈ ಸಲ ಅಡುಗೆಗೆ ಕೀಳುವುದಿಲ್ಲ. ಎಲ್ಲವೂ ಬೀಜಕ್ಕೆ.

ಎಷ್ಟು ದೊಡ್ಡದು ಮಾಡಬೇಕು? ಹಿಂದೆ ಐದು ಪಾತಿಗಳಿದ್ದವು. ಈಗ ತರಕಾರಿ ಬಿತ್ತಿರುವುದು ಒಂದೇ, 1.2 ಮೀಟರ್ ಅಗಲ, ಎರಡೂ ಬದಿಯಿಂದ ಕೈ ಚಾಚಿದರೆ ನಡುವಿಗೆ ತಾಗುವಷ್ಟು. ಒಳಗೆ ಕಾಲಿಡುವ ಅಗತ್ಯವೇ ಇಲ್ಲ. ಹಿಂದೆ ನಡೆಸಿದ್ದನ್ನೆಲ್ಲ ಒಮ್ಮೆಲೇ ನಡೆಸಬೇಕೆಂಬ ಆಸೆ ಬಲವಾಗಿರುತ್ತದೆ, ಅದನ್ನು ಹಿಡಿದಿಡಿ. ಉಳಿದ ಪಾತಿಗಳು ಹೊದಿಕೆಯಡಿ ಸುಧಾರಿಸಿಕೊಳ್ಳಲಿ. ಬರಿದಾಗಿ ಬಿಟ್ಟರೆ ಕಳೆಗೆ ಆಹ್ವಾನ.

ಈ ಒಂದು ಪಾತಿಯಲ್ಲಿ ಮೊದಲು ಮೂಲಂಗಿ, ಹರಿವೆ. ಮೂಲಂಗಿಯ ಸಣ್ಣ ತಳಿಗಳು 25ರಿಂದ 30 ದಿನಕ್ಕೆ ಕೈಗೆ ಬರುತ್ತವೆ, ಹರಿವೆಯೂ ಅಷ್ಟೇ ಹೊತ್ತಿಗೆ ಕೊಯ್ಲಿಗೆ ಸಿದ್ಧ. ಶುರುವಿನಲ್ಲಿ ಬೇಗ ಬರುವ ಬೆಳೆ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬಹಳ ಕಾಲ ಮಣ್ಣಿನಿಂದ ದೂರವಿದ್ದವರಿಗೆ ಮೂರು ತಿಂಗಳು ಕಾಯುವ ಸಹನೆ ಕೂಡಲೇ ಮರಳುವುದಿಲ್ಲ. ಬಿಸಿಲಿರುವ ಅಂಚಿನಲ್ಲಿ ನಾಲ್ಕೇ ಟೊಮೆಟೊ. ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಅರ್ಧದವರೆಗೆ ಮಣ್ಣಿನಲ್ಲಿ ಇಳಿಸಿದ್ದೇನೆ. ಟೊಮೆಟೊ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬದನೆ ಈ ಸಲ ಬೇಡವೆಂದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬ, ಒಂದಕ್ಕೆ ಬಂದ ರೋಗ ಇನ್ನೊಂದಕ್ಕೂ ಬರುತ್ತದೆ. ಇರುವುದು ಒಂದು ಪಾತಿಯಾದಾಗ ಮುಂದಿನ ಸಲ ಬದಲಿಸಲು ಜಾಗವೇ ಉಳಿಯುವುದಿಲ್ಲ.

ನೀರಿಗೆ ನನ್ನ ಅಳತೆ ವಾರಕ್ಕೆ 25 ಮಿಲಿಮೀಟರ್, ಅಂದರೆ ಒಂದು ಚದರ ಮೀಟರಿಗೆ 25 ಲೀಟರ್. ಕಡು ಬಿಸಿಲಿನಲ್ಲಿ ಇನ್ನೂ ಹೆಚ್ಚು. ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ಕಂತಿನಲ್ಲಿ ಆಳಕ್ಕೆ ಇಳಿಯುವಂತೆ ಕೊಡುವುದು ಮೇಲು. ಸಸಿಮಡಿಗೆ ಮಾತ್ರ ಈ ನಿಯಮ ಇಲ್ಲ, ಅಲ್ಲಿ ಹೆಚ್ಚಾದರೆ ಬುಡ ಕೊಳೆತು ಸಸಿಗಳು ಒಂದೇ ರಾತ್ರಿಯಲ್ಲಿ ಮಲಗುತ್ತವೆ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೆ ಮೊಟ್ಟೆಯ ಸಿಪ್ಪೆ ಹಾಕಿ ಎನ್ನುವ ಸಲಹೆ ಎಲ್ಲೆಡೆ ಹರಿದಾಡುತ್ತದೆ. ಸಿಪ್ಪೆ ಕರಗಿ ಬೇರಿಗೆ ಸಿಗುವ ಹೊತ್ತಿಗೆ ಬೆಳೆಯೇ ಮುಗಿದಿರುತ್ತದೆ. ಬಹಳಷ್ಟು ಸಲ ಮಣ್ಣಿನಲ್ಲಿ ಸುಣ್ಣದ ಅಂಶ, ಅಂದರೆ ಆ ಕಾಯಿಗೆ ಕೊರತೆಯಾದ ಕ್ಯಾಲ್ಸಿಯಂ, ಇದ್ದೇ ಇರುತ್ತದೆ. ಒಮ್ಮೆ ಒಣಗಿ ಒಮ್ಮೆ ತೊಯ್ದರೆ ಅದು ಕಾಯಿಯವರೆಗೆ ತಲುಪುವುದಿಲ್ಲ, ಅಷ್ಟೇ. ಹೊದಿಕೆ ಹಾಕಿ, ತೇವ ಏರುಪೇರಾಗದಂತೆ ನೋಡಿಕೊಳ್ಳಿ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದೂ ಇಂಥದೇ. ನೀರು ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ.

ಕಳೆದ ವಾರ ಬೀನ್ಸ್ ಕುಡಿಗಳಲ್ಲಿ ಸಸ್ಯಹೇನು ಕಾಣಿಸಿತು. ಹೆಣ್ಣು ಹೇನು ಗಂಡಿನ ನೆರವಿಲ್ಲದೆ ಜೀವಂತ ಮರಿಗಳನ್ನೇ ಹಾಕುತ್ತದೆ, ಹೀಗಾಗಿ ದಿನಗಳಲ್ಲಿ ಕುಡಿ ಮುಚ್ಚಿಹೋಗುತ್ತದೆ. ನೀರಿನ ರಭಸಕ್ಕೆ ತೊಳೆದು ಸುಮ್ಮನಾದೆ. ಹೇನು ಬಂದ ಮೇಲೆಯೇ ಅದನ್ನು ತಿನ್ನುವವರು ಬರಬೇಕು, ಆ ಅಂತರವನ್ನು ಸಹಿಸಿಕೊಳ್ಳಬೇಕು. ಈ ಬೆಳಿಗ್ಗೆ ಎಲೆಯಡಿಯಲ್ಲಿ ನಿಮಿರಿ ನಿಂತ ಹಳದಿ ಮೊಟ್ಟೆಗಳ ಗುಂಪು ಸಿಕ್ಕಿತು, ಗುಲಗಂಜಿ ಹುಳುವಿನದು. ಅದರ ಮರಿ ಕಪ್ಪಗೆ ಉದ್ದಗೆ, ಮೈಮೇಲೆ ಕಿತ್ತಳೆ ಚುಕ್ಕೆ ಹೊತ್ತಿರುತ್ತದೆ. ದೊಡ್ಡ ಹುಳುವಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಗೊತ್ತಿಲ್ಲದವರು ಪೀಡೆಯೆಂದು ಹೊಸಕಿ ಹಾಕುತ್ತಾರೆ. ದಯವಿಟ್ಟು ಗುರುತಿಟ್ಟುಕೊಳ್ಳಿ.

ಮುಂದಿನ ಋತುವಿಗೆ ಹಂಚಿಕೆ ಹೀಗಿದೆ. ಚೆಂಡುಹೂವಿನ ಪಾತಿಯಲ್ಲಿ ಮತ್ತೊಮ್ಮೆ ಬೇರು ತೊಳೆದು ನೋಡಿ, ಗಂಟು ಕಡಿಮೆಯಾಗಿದ್ದರೆ ಟೊಮೆಟೊವನ್ನು ಅಲ್ಲಿಗೆ ಸಾಗಿಸುತ್ತೇನೆ. ಇಲ್ಲವಾದರೆ ಇನ್ನೊಂದು ಸುತ್ತು ಚೆಂಡುಹೂವೇ. ಈಗಿನ ಟೊಮೆಟೊ ಅಂಚಿಗೆ ಬೀನ್ಸ್ ಬರುತ್ತದೆ. ಗಾರೆಯ ಪಾತಿಗೆ ಇನ್ನೂ ಒಂದು ವರ್ಷ ಬಿಡುವು. ಜೇಕಿನ ಮೂಲೆಗೆ ಕುಂಬಳದ ಬಳ್ಳಿ ಹಬ್ಬಿಸುವ ಯೋಚನೆಯಿದೆ. ಜೇಕಿಗೆ ನೆರಳು ಸೇರುವುದಿಲ್ಲ, ಕುಂಬಳದ ಅಗಲ ಎಲೆಗಳು ಆ ನೆಲವನ್ನು ಮುಚ್ಚಿದರೆ ಚಿಗುರು ಬಡವಾಗಿ ಗಡ್ಡೆ ಕಟ್ಟುವುದು ತಗ್ಗುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಕವಲುಗೋಲು ಹಿಡಿದು ಆ ಮೂಲೆಗೆ ಹೋಗುವುದನ್ನು ತಪ್ಪಿಸುವುದಿಲ್ಲ.